ಅಳೆಯಲು ಬಂದವಳಿಗೆ ಬಡಿಸಿದ ಊಟ

ಅಹಮದಾಬಾದಿನ ವಟ್ವಾದ ಚಾಳಿನಲ್ಲಿದ್ದ ಜಲಜಕ್ಕ ಗಂಗೊಳ್ಳಿಯ ತಾಂಡೇಲ ಶಂಕರನಾರಾಯಣನ ಮೊಮ್ಮಗಳು. ಮಂಗಳೂರು ಹಂಚು ತುಂಬಿದ ಹಾಯಿಹಡಗು ಮಚವೆಯನ್ನು ಕಡಲದಾರಿಯಲ್ಲಿ ಗುಜರಾತಿನ ಭರೂಚಿನ ತನಕ ತಂದು ಮುಟ್ಟಿಸುತ್ತಿದ್ದ ಗಂಡಸು ಆತ. ಒಮ್ಮೆ ಗಾಳಿಗೆ ಸಿಕ್ಕಿ ದಿಕ್ಕೆಟ್ಟಿದ್ದ ಬೇರೊಂದು ಮಚವೆಯವರಿಗೆ ತನ್ನ ಅಕ್ಕಿ ಮುಡಿಯನ್ನೇ ಎತ್ತಿಕೊಟ್ಟು, "ನಮ್ಮಲ್ಲಿ ಬೇಕಾದಷ್ಟುಂಟು" ಎಂದನಂತೆ. ಭರೂಚು ಕಾಣುವವರೆಗೆ ಅವನ ಆಳುಗಳು ಒಣಮೀನು ಜಗಿದುಕೊಂಡು ಬಂದರು. ಅವನ ಮಗ, ಜಲಜಕ್ಕನ ಅಪ್ಪ ರಾಮಕೃಷ್ಣ, ಅಹಮದಾಬಾದಿನ ಕಾಲುಪುರದಲ್ಲಿ ಉಡುಪಿ ಹೋಟೆಲೊಂದರ ಅಡುಗೆಯವನಾಗಿದ್ದ. ಕರ್ಫ್ಯೂ ಬಿದ್ದ ದಿನಗಳಲ್ಲೂ ಒಲೆ ಆರಿಸದೆ, ಯಾರು ಎತ್ತ ಎಂದು ಕೇಳದೆ, ಹಿಂಬದಿ ಗೋಡೆಯ ಮೇಲಿಂದ ಇಡ್ಲಿ ದಾಟಿಸಿದವನು. ಈ ರಕ್ತದಲ್ಲಿ ಹುಟ್ಟಿದ ಹೆಣ್ಣಿನ ಬಾಯಲ್ಲಿ "ಇಲ್ಲ" ಎಂಬ ಮಾತು ಹೊರಡುವುದಾದರೂ ಹೇಗೆ?

ಗಂಡ ತಿಮ್ಮಪ್ಪ ಬಣ್ಣದ ಕಾರ್ಖಾನೆಯ ಆಳು. ಒಂದು ದಿನ ಕೆಂಪಾಗಿ, ಇನ್ನೊಂದು ದಿನ ನೀಲಿಯಾಗಿ ಮನೆಗೆ ಬರುತ್ತಿದ್ದ. ಎಷ್ಟು ತಿಕ್ಕಿ ಮಿಂದರೂ ಉಗುಳಿನಲ್ಲಿ ಬಣ್ಣ ಇರುತ್ತಿತ್ತು. ಸಂಬಳ ತಿಂಗಳ ನಡುವಿಗೇ ಸೊರಗಿಹೋಗುತ್ತಿತ್ತು. ಮಗಳು ನಮಿತಾ ಹತ್ತನೆಯ ತರಗತಿ. ಸಂಬಳ ಏರದಿದ್ದರೆ ಪರೀಕ್ಷೆ ಮುಗಿದ ಕೂಡಲೇ ಅವಳೂ ಅದೇ ಕಾರ್ಖಾನೆಯಲ್ಲಿ ಬಣ್ಣದ ಪುಡಿಯನ್ನು ಚೀಲಕ್ಕೆ ತುಂಬುವ ಕೆಲಸಕ್ಕೆ ಸೇರಬೇಕಿತ್ತು. ಜಲಜಕ್ಕನಿಗೆ ಇದ್ದದ್ದು ಒಂದೇ ಹಟ: ಮಗಳು ಆ ಗೇಟಿನೊಳಗೆ ಕಾಲಿಡಬಾರದು.

ಎರಡು ಸಾವಿರದ ಮೂರರಲ್ಲಿ ಆಳುಗಳೆಲ್ಲ ಕೆಲಸ ಬಿಟ್ಟು ಗೇಟಿನ ಮುಂದೆ ಕೂತರು. ಕೊನೆಗೆ ಮಾಲೀಕನೂ ಅವರೂ ಒಂದು ಮಾತಿಗೆ ಬಂದರು. ವಡೋದರಾದಿಂದ ಓದಿದವರು ಬಂದು ಕೆಲವು ಮನೆಗಳಲ್ಲಿ ಉಣ್ಣುವುದು, ಉಡುವುದು, ಇರುವುದನ್ನು ನೋಡಬೇಕು. ಒಂದು ಸಂಸಾರ ಮಾನದಿಂದ ಬದುಕಲು ಈಗಿನ ಸಂಬಳ ಸಾಲುತ್ತದೋ ಇಲ್ಲವೋ ಹೇಳಬೇಕು. ಅವರು ಹೇಳಿದ್ದಕ್ಕೆ ಇಬ್ಬರೂ ಒಪ್ಪಬೇಕು. ಆರಿಸಿದ ಮನೆಗಳೆಲ್ಲ ಜಲಜಕ್ಕನ ಚಾಳಿನವೇ.

ಬರುವವಳು ನಮ್ಮ ಊರ ಕಡೆಯವಳೇ ಎಂದು ಗೊತ್ತಾಯಿತು. ವಡೋದರಾದ ಫತೇಗಂಜ್‌ನಲ್ಲಿ ಹೋಟೆಲಿಟ್ಟ ಕುಂದಾಪುರದ ಪಟ್ಟಾಭಿರಾಮರ ಮಗಳು ವೈದೇಹಿ. ಅಲ್ಲಿಗೆ ಕೆಲಸ ಕೆಟ್ಟಿತು. ಹಿಂದಿನ ಸಂಜೆ ಜಲಜಕ್ಕ ಚಾಳಿನ ಹತ್ತಿರವೇ ಇದ್ದ ನನ್ನ ಹೋಟೆಲಿಗೆ ಬಂದು ಎರಡು ತೆಂಗಿನಕಾಯಿ, ಒಂದು ಲೋಟ ತುಪ್ಪ ಕಡ ಕೇಳಿದಳು.

"ಎಂತ ಮಾರಾಯ್ತಿ, ಮಗಳಿಗೆ ಗಂಡು ನೋಡಲು ಬರ್ತಾರಾ?" ಎಂದೆ.

"ಅದಕ್ಕಿಂತ ದೊಡ್ಡವರು ಬರ್ತಾರೆ" ಎಂದು ನಕ್ಕು ಹೋದಳು.

ತುಪ್ಪ ಅವಳೊಬ್ಬಳಿಗಲ್ಲ. ಪಕ್ಕದ ಕಾಂತಾಬೆನ್‌ಗೆ, ಆಚೆಯ ಬಿಹಾರಿ ಮನೆಗೆ, ಎಲ್ಲರಿಗೂ ಒಂದೊಂದು ಚಮಚ ಹಂಚಿದಳು. "ಊರಿನ ಹುಡುಗಿ ಬರ್ತಾಳೆ. ಅವಳ ಮುಂದೆ ಬರೀ ರೊಟ್ಟಿ ಮೆಣಸು ಇಟ್ಟು ಚಾಳಿನ ಮಾನ ಕಳೀಬೇಡಿ" ಎಂದು ಬಾಗಿಲು ಬಾಗಿಲಿಗೆ ಹೋಗಿ ಹೇಳಿದಳು.

ತಿಮ್ಮಪ್ಪ ತಲೆ ಚಚ್ಚಿಕೊಂಡ. "ಅವರು ಬರೂದು ನಮ್ಮ ಬಡತನ ಕಾಂಬುಕೆ. ನೀನು ಹಬ್ಬ ಮಾಡ್ತೆ ಅಲ್ಲ?"

"ಬಡತನ ಬೇಕಾದ್ರೆ ನಿಮ್ಮ ಮೈಮೇಲೆ ಉಂಟಲ್ಲ, ಅಂಗಿ ಬಿಚ್ಚಿ ತೋರಿಸಿ. ನನ್ನ ಪಾತ್ರೆ ಮುಚ್ಚಳ ಮಾತ್ರ ತೆಗೀಬೇಡಿ."

ಬೆಳಿಗ್ಗೆ ವೈದೇಹಿ ತಕ್ಕಡಿ ಹಿಡಿದು ಬಂದಳು. ಇಲ್ಲಿಯೇ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತಿತ್ತು. "ಆಂಟಿ, ನನಗೋಸ್ಕರ ಏನೂ ಮಾಡಬೇಡಿ. ರೋಜ್ ಏನು ಮಾಡ್ತೀರೋ ಅದನ್ನು ಮಾತ್ರ ನೋಡ್ತೀನಿ."

"ದಿನಾ ಇದೇ ಮಗಾ" ಎಂದು ಜಲಜಕ್ಕ ನೀರುದೋಸೆಯ ಮೇಲೆ ತುಪ್ಪ ಬಿಟ್ಟಳು. ತೊವ್ವೆ, ಪಲ್ಯ, ಕಾಯಿಹಾಲಿನ ಪಾಯಸ. ವೈದೇಹಿ ಎಲ್ಲವನ್ನೂ ತೂಗಿ ಬರೆದುಕೊಂಡಳು.

"ಹಾಲು ದಿನಾ ತಗೊಳ್ತೀರಾ?"

"ಹಾಲಿಲ್ಲದ ಮನೆಯಾ ಇದು?"

ಮೂಲೆಯಲ್ಲಿ ನಿಂತಿದ್ದ ನಮಿತಾ ಅಮ್ಮನ ಮುಖ ನೋಡಿದಳು. ಉಳಿದ ಮನೆಗಳಲ್ಲೂ ಶಿರಾ, ಪೂರಿ, ತುಪ್ಪದ ಕಿಚಡಿ. ಹುಡುಗಿ ಹೊಟ್ಟೆ ತುಂಬಿಸಿಕೊಂಡು, ಎಲ್ಲರಿಗೂ ಕೈಮುಗಿದು ಹೋದಳು.

ತೀರ್ಪು ಬಂದಾಗ ಆಳುಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಸಂಸಾರಗಳು ಹಾಲು, ತುಪ್ಪ, ತೆಂಗಿನಕಾಯಿ ಉಣ್ಣುತ್ತಿವೆ. ಈಗಿನ ಸಂಬಳ ಬದುಕಿಗೆ ಸಾಲುತ್ತಿದೆ. ಬಸ್ ಖರ್ಚಿಗೆಂದು ಒಂದಿಷ್ಟು ಸೇರಿಸಿದರೆ ಸಾಕು. ಮಾಲೀಕ ಆ ಒಂದಿಷ್ಟನ್ನು ಸೇರಿಸಿ, ಮೂರು ವರ್ಷ ಯಾರೂ ಸಂಬಳದ ಮಾತೆತ್ತಬಾರದು ಎಂದು ಸಹಿ ಹಾಕಿಸಿಕೊಂಡ. ತಿಮ್ಮಪ್ಪ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ನಮಿತಾ ಪರೀಕ್ಷೆ ಬರೆದಳು, ಒಳ್ಳೆಯ ಅಂಕವೇ ಬಂತು. ಚೀಲ ತುಂಬುವ ಕೆಲಸಕ್ಕೆ ಸೇರಿದಳು. ಕಾಂತಾಬೆನ್‌ಳ ಮಗಳೂ ಸೇರಿದಳು, ಬಿಹಾರಿಯ ಇಬ್ಬರು ಹುಡುಗಿಯರೂ.

ಮಳೆಗಾಲದಲ್ಲಿ ವೈದೇಹಿ ಒಂದು ಡಬ್ಬಿ ಪೇಡೆ ಹಿಡಿದು ಹೇಳದೆ ಕೇಳದೆ ಬಂದಳು. ದಾರಿ ಮರೆತು ನನ್ನ ಹೋಟೆಲಿನಲ್ಲಿ ಕೇಳಿದ್ದರಿಂದ ನಾನೇ ಕರೆದುಕೊಂಡು ಹೋದೆ. ಜಲಜಕ್ಕ ನೆಲದ ಮೇಲೆ ಕೂತು ಗಂಜಿಗೆ ಉಪ್ಪು ಹಾಕಿ, ಹಸಿಮೆಣಸು ಕಚ್ಚಿಕೊಂಡು ಉಣ್ಣುತ್ತಿದ್ದಳು. ಬಟ್ಟಲನ್ನು ಮರೆಮಾಡಲು ಹೊತ್ತು ಸಿಗಲಿಲ್ಲ. ಅಷ್ಟರಲ್ಲಿ ನಮಿತಾ ಪಾಳಿ ಮುಗಿಸಿ ಬಂದಳು. ರೆಪ್ಪೆಗೂದಲಿನ ತನಕ ಹಳದಿ.

ವೈದೇಹಿಗೆ ಎಲ್ಲ ತಿಳಿಯಿತು. ಪೇಡೆಯ ಡಬ್ಬಿ ಕೆಳಗಿಟ್ಟು ಜಲಜಕ್ಕನ ಎದುರು ಕೂತಳು. "ಯಾಕೆ ಆಂಟಿ? ನಾನು ನಿಮ್ಮ ಪರವಾಗಿ ಬರೆಯೋಕೆ ಬಂದಿದ್ದೆ."

"ನೀನು ಬಾಗಿಲಿಗೆ ಬಂದ ಹೆಣ್ಣುಮಗು. ನಿನಗೆ ಗಂಜಿ ಇಡೂಕಾತ್ತಾ?"

ತಿದ್ದಲು ಆಗುವುದಿಲ್ಲವೇ ಎಂದು ನಾನು ಕೇಳಿದೆ. ಎರಡೂ ಕಡೆಯವರು ಒಪ್ಪಿ ಸಹಿ ಮಾಡಿದ್ದನ್ನು ಮಾಲೀಕ ಮತ್ತೆ ತೆರೆಯುವುದಿಲ್ಲ, ತೆರೆದರೂ ನಿಮ್ಮದೇ ಮಾತು ಸುಳ್ಳೆಂದು ತೋರಿಸುತ್ತಾನೆ, ಎಂದಳು ಹುಡುಗಿ. ಕಣ್ಣೊರೆಸಿಕೊಂಡು ಜಲಜಕ್ಕನ ಕೈ ಹಿಡಿದಳು. "ನಮಿತಾಳನ್ನು ವಡೋದರಾಕ್ಕೆ ಕಳಿಸಿ. ನಮ್ಮ ಮನೇಲಿ ಇರ್ತಾಳೆ. ಕಾಲೇಜು ಮುಗಿಯೋ ತನಕ ಎಲ್ಲಾ ನನ್ನದು."

ನಮಿತಾ ಅಲ್ಲಾಡದೆ ನಿಂತಿದ್ದಳು. ತಿಮ್ಮಪ್ಪ ಹೊಸ್ತಿಲಲ್ಲಿ ಕೆಮ್ಮುತ್ತ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹೂಂ ಎನ್ನು ಎಂದು ನಾನೂ ಕಣ್ಸನ್ನೆ ಮಾಡಿದೆ.

ಜಲಜಕ್ಕ ಕೈ ಬಿಡಿಸಿಕೊಂಡಳು.

"ಬೇಡ ಮಗಾ. ಕಾಂತಾಬೆನ್‌ಳ ಮಗಳು ಆ ಚೀಲದ ಮುಂದೆ ಕೂತದ್ದು ನನ್ನ ಮಾತು ಕೇಳಿ. ಬಿಹಾರಿಯ ಹುಡುಗಿಯರು ಕೂತದ್ದೂ ನನ್ನ ಮಾತು ಕೇಳಿ. ಅವರನ್ನೆಲ್ಲ ಅಲ್ಲೇ ಬಿಟ್ಟು ನನ್ನ ಮಗಳೊಬ್ಬಳನ್ನು ನಿನ್ನ ಜೊತೆ ಬಸ್ಸು ಹತ್ತಿಸಿದ್ರೆ, ನಾಳೆ ನಲ್ಲಿಯ ಹತ್ರ ಕೊಡಪಾನ ಹಿಡ್ಕೊಂಡು ಅವರ ತಾಯಂದಿರ ಪಕ್ಕ ನಾನು ಹೇಗೆ ನಿಲ್ಲಲಿ? ನೀನು ಹೋಗು, ಕತ್ತಲಾದ್ರೆ ಬಸ್ಸು ಸಿಕ್ಕುವುದಿಲ್ಲ."