ಬಚ್ಚಲಿಗೆ ಬಂದ ಬಾವಿಗಿಡ

ಕೂಡ್ಲಿಗಿ ಕಡೆಯ ಶೇಂಗಾ ಹೊಲಗಳಲ್ಲಿ ನಲವತ್ತು ವರ್ಷ ಕಳೆ ಕಿತ್ತವಳು ಅಂಜಿನಕ್ಕ. ಅವಳ ಲೆಕ್ಕದಲ್ಲಿ ಗಿಡ ಎರಡೇ ಜಾತಿ: ಹೊಟ್ಟೆಗಾಗುವುದು, ಕಿತ್ತು ಬದುವಿಗೆ ಎಸೆಯುವುದು. ಊರಾಚೆಯ ಮೆಟ್ಟಿಲುಬಾವಿಯ ಗೋಡೆಯಲ್ಲಿ ಕಂಡ ಜರಿಗಿಡ ಎರಡಕ್ಕೂ ಸೇರಲಿಲ್ಲ. ಕೂದಲೆಳೆಯಂಥ ಕರಿ ಕಡ್ಡಿ, ಕೊತ್ತಂಬರಿಯಂಥ ಎಲೆ. ಎಲೆಯನ್ನು ನೀರಲ್ಲಿ ಅದ್ದಿ ಎತ್ತಿದಳು. ಒದ್ದೆಯಾಗದೆಯೇ ಬಂತು. ಮತ್ತೆ ಅದ್ದಿದಳು. ಮತ್ತೆ ಒಣ.

"ಇದಕ್ಕ ನೀರಾ ಹತ್ತಂಗಿಲ್ಲ ನೋಡ್ರಿ!" ಎಂದು ಗಂಡ ಉಚ್ಚಂಗೆಪ್ಪನಿಗೆ ತೋರಿಸಿದಳು.

"ನನ್ನ ಮಾತೂ ನಿನಗ ಹಂಗಾ ಅಲ್ಲೇನಲೇ?" ಎಂದ ಅವನು.

ಕುರಿಮರಿ ಬಿದ್ದು ಸತ್ತದ್ದರಿಂದ ಆ ಬಾವಿ ಮುಚ್ಚುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಗಿತ್ತು. ಗೋಡೆಯಲ್ಲಿದ್ದದ್ದು ಮೂರೇ ಬುಡ. ಮೊದಲನೆಯದನ್ನು ತಂದು, ಡಬ್ಬಿಗೆ ಕುರಿಗೊಬ್ಬರ ತುಂಬಿ, ಬಿಸಿಲು ಬೀಳುವ ಅಂಗಳದಲ್ಲಿಟ್ಟಳು. ಬೆಳೆಗೆ ಮಾಡುವ ಉಪಚಾರವೆಲ್ಲ ಮಾಡಿದಳು. ಮೂರನೇ ದಿನ ಎಲೆಯೆಲ್ಲ ಒಣಗಿ ಹಪ್ಪಳ. ಎರಡನೆಯದನ್ನು ಒಳಗಿಟ್ಟು ಹೊತ್ತುಹೊತ್ತಿಗೆ ನೀರು ಸುರಿದಳು. ಬುಡ ಕೊಳೆತು ನಾರಿತು.

ಉಳಿದದ್ದು ಒಂದು. ಅದನ್ನು ತರಲು ಸಲಾಕೆ ಹಿಡಿದು ಬಾವಿಗಿಳಿದಳು. ಅಷ್ಟರಲ್ಲಿ ಬಾವಿ ಮುಚ್ಚುವ ಕೆಲಸಕ್ಕೆ ಬಂದ ಮಾರೇಶ್ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ದಡದಲ್ಲಿ ನಿಲ್ಲಿಸಿದ.

"ಅಕ್ಕಾ, ಮ್ಯಾಲ ಬರ್ರಿ, ಮಣ್ಣು ಸುರೀಬೇಕು."

"ಸುರಿಯಪ್ಪ, ನನ್ನೂ ಸೇರಿಸಿ ಮುಚ್ಚು!"

ಕೂಲಿ ಕೆಲಸ ಕೊಡಿ ಎಂದು ಪಂಚಾಯಿತಿ ಬಾಗಿಲಲ್ಲಿ ಮೂರು ದಿನ ಕೂತಿದ್ದ ಹೆಂಗಸು. ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಮಾರೇಶ್ ಎಂಜಿನ್ ಆರಿಸಿ ಬೀಡಿ ಹಚ್ಚಿದ.

ಈ ಸಲ ಗಿಡವನ್ನಲ್ಲ, ಗೋಡೆಯನ್ನು ನೋಡಿದಳು. ಬಿಸಿಲು ಇತ್ತ ಬರುವುದೇ ಇಲ್ಲ. ಮಣ್ಣಿಲ್ಲ, ಗೊಬ್ಬರವಿಲ್ಲ. ಕಲ್ಲಿನ ಸಂದಿನ ಹಳೇ ಸುಣ್ಣದ ಗಾರೆಗೆ ಬೇರು ಕಚ್ಚಿದೆ. ತಲೆಯ ಮೇಲೆ ಹನಿ ಬೀಳುವುದಿಲ್ಲ, ಬುಡದಲ್ಲಿ ಮಾತ್ರ ಪಸೆ. ಇಷ್ಟು ಬಡತನದಲ್ಲಿ ಬದುಕುವ ಗಿಡವನ್ನು ನಾನೇ ತಿನ್ನಿಸಿ ಕೊಂದೆ ಎಂದುಕೊಂಡು, ಸಲಾಕೆಯಿಂದ ಗಾರೆ ಸಮೇತ ಬುಡ ಎಬ್ಬಿಸಿ ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಬಂದಳು.

ಮನೆಯಲ್ಲಿ ಬಿಸಿಲು ಕಾಣದ ಜಾಗ ಬಚ್ಚಲೊಂದೇ. ಅಲ್ಲಿ ಸದಾ ನೀರು ಜಿನುಗುವ ಮಣ್ಣಿನ ಹರವಿಯ ಬುಡಕ್ಕೆ ಒಡೆದ ಗಡಿಗೆಯ ಚೂರು ಒತ್ತಿ, ಗಾರೆಯ ಉಂಡೆ ಕೂರಿಸಿದಳು. ವಾರದಲ್ಲಿ ಎಲೆಯೆಲ್ಲ ಕಂದಿತು.

"ಸತ್ತೈತಿ, ಒಗಿಯಲೇ ಅತ್ತಾಗ," ಎಂದ ಉಚ್ಚಂಗೆಪ್ಪ.

ಅವಳು ಒಣಗಿದ್ದನ್ನೆಲ್ಲ ಬುಡದವರೆಗೆ ಕತ್ತರಿಸಿದಳು, ಬುಡ ಒಗೆಯಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲೂರಿ ಇಣುಕುತ್ತಿದ್ದಳು. ಇಪ್ಪತ್ತು ದಿನದ ಮೇಲೆ ಸಾಸಿವೆ ಗಾತ್ರದ ಚಿಗುರಿನ ಸುರುಳಿಯೊಂದು ತಲೆ ಎತ್ತಿತ್ತು. ಮರುದಿನ ಇನ್ನೆರಡು.

ಬಿಸಿನೀರಿನ ಕೊಡಪಾನ ಹಿಡಿದು ಬಚ್ಚಲಿಗೆ ನುಗ್ಗಿದ ಗಂಡನನ್ನು ಬಾಗಿಲಲ್ಲೇ ತಡೆದಳು.

"ಸೋಪಿನ ನೀರು ಸಿಡಿತೈತಿ. ಹೊರಗ ಹೋಗ್ರಿ."

"ನಾ ಎಲ್ಲಿ ಮೈ ತೊಳಕೊಳ್ಳಲಿ?"

"ಬಟ್ಟಿ ಒಗಿಯೋ ಕಲ್ಲು ಐತಲ್ಲ!"

ಉಚ್ಚಂಗೆಪ್ಪ ಗೊಣಗುತ್ತಲೇ ಬಗ್ಗಿ, ಆ ಸುರುಳಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಕೊಡಪಾನ ಎತ್ತಿಕೊಂಡು ಅಂಗಳಕ್ಕೆ ನಡೆದ.