ಕಿವಿ ಮೇಷ್ಟ್ರೂ ಮೂರು ಆಟದ ಯಂತ್ರಗಳೂ

ಕಾರ್ಖಾನೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕಿವಿ ಮೇಷ್ಟ್ರು ಅಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಗೊತ್ತು. ಪಾಠ ಹೇಳುವ ಮೇಷ್ಟ್ರಲ್ಲ, ಫ್ಯಾನಿನ ಮೋಟಾರು ಕೇಳುವ ಮೇಷ್ಟ್ರು. ದಪ್ಪ ಬಾಗಿಲಿನ ಸಣ್ಣ ಕೋಣೆ, ಒಂದು ಮೇಜು, ಒಂದು ಸ್ಟೂಲು, ಅಷ್ಟೇ ಅವರ ಸಾಮ್ರಾಜ್ಯ. ಮೋಟಾರನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಸ್ವಿಚ್ ಒತ್ತಿದರೆ ಸಾಕು, "ಎಡಗಡೆ ಬೇರಿಂಗ್ ಹೋಗಿದೆ, ಬಿಚ್ಚಿ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಹೋಗಿರುತ್ತದೆ. ಹುಟ್ಟಿನಿಂದ ಕಣ್ಣು ಕಾಣದವರು ಇಪ್ಪತ್ತೆಂಟು ವರ್ಷದಿಂದ ಹೀಗೆ ಕಿವಿಯಿಂದಲೇ ದುಡಿದು ಉಣ್ಣುತ್ತಿದ್ದಾರೆ. 'ಅಯ್ಯೋ ಪಾಪ' ಅಂದವರನ್ನು ಅವರು ಎರಡನೇ ಸಲ ಮಾತಾಡಿಸುವುದಿಲ್ಲ.

ಅದು ಕೆಲಸದ ಮಾತಾಯಿತು. ಹುಚ್ಚು ಅಂತ ಒಂದಿದೆಯಲ್ಲ, ಅದು ಮನೆಯಲ್ಲಿದೆ. ಅಕ್ಕ, ಭಾವನ ಜೊತೆ ಮೇಷ್ಟ್ರು ಇರುವ ಆ ಮನೆಯ ಹಾಲಿನಲ್ಲಿ ಬೆನ್ನು ಉಬ್ಬಿದ ಹಳೆಯ ಟಿವಿ. ಅದರ ಕೆಳಗಿನ ಹಲಗೆಯ ಮೇಲೆ ಮೂರು ಹಳೆಯ ವಿಡಿಯೋ ಗೇಮ್ ಯಂತ್ರಗಳು. ಎಲ್ಲಕ್ಕಿಂತ ಹಳೆಯದು ಅಜ್ಜಿ. ಆಮೇಲಿನದು ಕರಿಯ. ಮೇಲೆ ದುಂಡನೆಯ ಮುಚ್ಚಳ ಇರುವುದು ಗುಂಡ. ಹೆಸರಿಟ್ಟವಳು ಅಕ್ಕ. ಮೇಷ್ಟ್ರಿಗೆ ಹತ್ತು ವರ್ಷವಿದ್ದಾಗ ಅಪ್ಪ ಅಜ್ಜಿಯನ್ನು ತಂದದ್ದು ಅಕ್ಕನಿಗಾಗಿ. ಈ ತಮ್ಮ ಅವಳ ಪಕ್ಕದಲ್ಲಿ ಕೂತು ಸದ್ದು ಕೇಳಿ ಕೇಳಿ, ಒಂದು ದಿನ ಆಟ ಆಡಿಸುವ ಕೋಲು ಕಿತ್ತುಕೊಂಡು ಆಡಿಯೇಬಿಟ್ಟ. ಕಾಣದೆ ಹೇಗೆ ಆಡ್ತೀಯೋ ಅಂತ ಮನೆಮಂದಿಯೆಲ್ಲ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. "ಆಡು. ಆದರೆ ನಾನೇನೂ ಬಿಟ್ಟುಕೊಡಲ್ಲ" ಅಂದಳು. ಆ ಮಾತಿಗೆ ಮೇಷ್ಟ್ರು ಇವತ್ತಿಗೂ ಋಣಿ.

ಕರಿಯ ಬಂದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಅಜ್ಜಿಗೆ ಸದ್ದಿನ ವೈರು ಒಂದೇ. ಕರಿಯನಿಗೂ ಗುಂಡನಿಗೂ ಎರಡೆರಡು, ಎಡಕ್ಕೆ ಬಿಳಿ, ಬಲಕ್ಕೆ ಕೆಂಪು. ಗುದ್ದಾಟದ ಆಟದಲ್ಲಿ ಎದುರಾಳಿ ಎಡದಿಂದ ಓಡಿ ಬಂದರೆ ಹೆಜ್ಜೆ ಎಡದಲ್ಲಿ ಕೇಳುತ್ತದೆ, ತಲೆಯ ಮೇಲೆ ಹಾರಿ ಆಚೆ ಬಿದ್ದರೆ ಬಲದಲ್ಲಿ. ಟಿವಿಯ ಎದುರು ಸರಿಯಾಗಿ ಮಧ್ಯೆ ಚಾಪೆ ಹಾಕಿ ಕೂತರೆ ಮೇಷ್ಟ್ರಿಗೆ ಇಡೀ ಅಖಾಡ ಗೊತ್ತಾಗುತ್ತದೆ. ನಲವತ್ತು ವರ್ಷದ ಲೆಕ್ಕ ತೆಗೆದರೆ ಹತ್ತಕ್ಕೆ ಆರು ಆಟ ಅವರದು, ನಾಲ್ಕು ಅಕ್ಕನದು. ಅಕ್ಕ ಸೋತಾಗಲೆಲ್ಲ ಮೋಸ ಅಂತ ಕೂಗುತ್ತಿದ್ದಳು.

ತಿಂಗಳ ಹಿಂದೆ ಭಾವ ಒಂದು ಪೆಟ್ಟಿಗೆ ತಂದರು. ಭಾವ ಬಸ್ ಕಂಡಕ್ಟರು, ಒಳ್ಳೆಯವರು. ಆದರೆ ಮನೆಯ ಯಾವ ಸ್ಕ್ರೂ ಕಂಡರೂ ಅವರ ಕೈ ತುರಿಸುತ್ತದೆ. ಭಾಮೈದ ಆಟ ಬದಲಾಯಿಸಿದಾಗಲೆಲ್ಲ ಟಿವಿಯ ಹಿಂದೆ ತೂರಿಕೊಂಡು ವೈರು ಕಿತ್ತು ಚುಚ್ಚುವುದನ್ನು ನೋಡಲಾರದೆ, ಮೂರನ್ನೂ ಒಂದೇ ಟಿವಿಗೆ ಶಾಶ್ವತವಾಗಿ ಜೋಡಿಸುವ ಪಣ ತೊಟ್ಟರು. ಪೆಟ್ಟಿಗೆಯ ಮೇಲೆ ನಾಲ್ಕು ಗುಂಡಿ. ಒಂದು ಒತ್ತಿದರೆ ಅಜ್ಜಿ, ಎರಡು ಒತ್ತಿದರೆ ಕರಿಯ, ಮೂರಕ್ಕೆ ಗುಂಡ. "ನಿನ್ನ ಸೊಂಟಕ್ಕೆ ಇನ್ನು ರಜಾ" ಅಂದರು ಭಾವ.

ಆ ಭಾನುವಾರ ಅಕ್ಕನ ಜೊತೆ ಆಡಿದ ಆಟವನ್ನೆಲ್ಲ ಮೇಷ್ಟ್ರು ಸೋತರು. ಮುಂದಿನ ಭಾನುವಾರವೂ. ಎದುರಾಳಿ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಹೆಜ್ಜೆ, ಗುದ್ದು, ಹಾರಾಟ ಎಲ್ಲ ಮೂಗಿನ ನೇರಕ್ಕೆ ಗುಡ್ಡೆ ಹಾಕಿದಂತೆ ಬಂದು ಬೀಳುತ್ತಿತ್ತು. ಮೂರನೇ ಭಾನುವಾರ ಇದ್ದಕ್ಕಿದ್ದಂತೆ ಮೇಷ್ಟ್ರು ಎರಡು ಆಟ ಗೆದ್ದರು. ಗೆದ್ದ ಕೂಡಲೇ ಕೈಯಲ್ಲಿದ್ದ ಕಂಟ್ರೋಲರನ್ನು ಕೆಳಗಿಟ್ಟರು.

"ಅಕ್ಕಾ, ನೀನು ಬೇಕಂತಲೇ ಸೋತೆ."

"ಇಲ್ಲಪ್ಪಾ."

"ಮೋಸ ಅಂತ ಕೂಗಲಿಲ್ಲವಲ್ಲ ನೀನು."

ಅಕ್ಕ, "ವಯಸ್ಸಾಯ್ತಲ್ಲೋ, ಪಾಪ ಅನ್ನಿಸ್ತು" ಅಂದಳು.

ನಲವತ್ತು ವರ್ಷದಲ್ಲಿ ಅಕ್ಕನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಮೇಷ್ಟ್ರಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು.

ಆಮೇಲೆ ಭಯ ಶುರುವಾಯಿತು. ಎಡ ಯಾವುದು ಬಲ ಯಾವುದು ಅಂತ ಕಿವಿ ಹೇಳದಿದ್ದರೆ ಮೋಟಾರಿನ ಯಾವ ಬದಿ ಕೆಟ್ಟಿದೆ ಅಂತ ಹೇಳುವುದು ಹೇಗೆ? ಕೋಣೆಯಲ್ಲಿ ಒಂದೊಂದು ಮೋಟಾರನ್ನೂ ಎರಡೆರಡು ಸಲ, ಮೂರು ಸಲ ತಿರುಗಿಸಿ ಮಲಗಿಸಿ ಕೇಳತೊಡಗಿದರು. ತಪ್ಪು ಹೇಳಲಿಲ್ಲ, ಆದರೆ ಬಾಗಿಲಾಚೆ ಮೋಟಾರು ರಾಶಿ ಬಿತ್ತು. ಸೂಪರ್‌ವೈಸರ್ ಶುಕ್ರವಾರ ಬಂದು, ದನಿ ತಗ್ಗಿಸಿ, "ಮೇಷ್ಟ್ರೇ, ಪ್ಯಾಕಿಂಗಲ್ಲಿ ಒಂದು ಜಾಗ ಇದೆ. ಆರಾಮಾಗಿರುತ್ತೆ. ಸೋಮವಾರದೊಳಗೆ ಒಂದು ಮಾತು ಹೇಳಿಬಿಡಿ" ಅಂದ. ಅವನು ದನಿ ತಗ್ಗಿಸಿದ್ದೇ ಮೇಷ್ಟ್ರಿಗೆ ಹೆಚ್ಚು ನೋವು ಕೊಟ್ಟಿತು.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೋದರೆ ಅವರು ಏನಾದರೂ ಹೇಳಿಬಿಡುತ್ತಾರಲ್ಲ, ಅದಕ್ಕೇ ಹೋಗಲಿಲ್ಲ. ಕಿವಿ ಹೋದರೆ ಕೆಲಸ ಹೋಯಿತು, ಹೆಸರು ಹೋಯಿತು. ಕತ್ತಲೆ ಅಂತ ಜನ ಹೇಳುವುದೇನೆಂದು ಅವರಿಗೆ ಆಗ ಮೊದಲ ಸಲ ಗೊತ್ತಾಗುತ್ತಿತ್ತು.

ಶನಿವಾರ ಬೆಳಗ್ಗೆ ಅಕ್ಕ ಅಂಗಡಿಗೆ ಹೋಗಿದ್ದಳು. ಮೇಷ್ಟ್ರು ಚಾಪೆಯ ಮೇಲೆ ಒಬ್ಬರೇ ಕೂತು ಕರಿಯನ ಗುಂಡಿ ಒತ್ತಿದರು. ಮತ್ತೆ ಅದೇ ಗುಡ್ಡೆ. ಸಾಕಾಗಿ ಟಿವಿ ಆರಿಸಿದರು. ಆಗ ಗಡಿಯಾರ ಕೇಳಿಸಿತು. ಬಲಗಡೆಯ ಗೋಡೆಯ ಮೇಲೆ, ಆಳೆತ್ತರದಲ್ಲಿ, ಟಿಕ್ ಟಿಕ್. ಎಡಕ್ಕೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಹಿಂದೆ ಬೀದಿಯಲ್ಲಿ ಒಂದು ಸೈಕಲ್ಲು ಬಲದಿಂದ ಎಡಕ್ಕೆ ಹೋಯಿತು, ಚೈನಿಗೆ ಎಣ್ಣೆ ಬೇಕಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ಇನ್ನೊಮ್ಮೆ ಕೇಳಿದರು. ಗಡಿಯಾರ ಬಲಕ್ಕೇ ಇತ್ತು, ನಲ್ಲಿ ಎಡಕ್ಕೇ ಇತ್ತು. ಲೋಕವೆಲ್ಲ ಅದರದರ ಜಾಗದಲ್ಲಿದ್ದು ಟಿವಿಯ ಒಳಗಿನವರು ಮಾತ್ರ ಮಧ್ಯೆ ಗುಂಪುಗೂಡಿದ್ದರೆ ಕೆಟ್ಟಿರುವುದು ಕಿವಿಯಲ್ಲ.

ಅಂಗಿಯ ತೋಳು ಮಡಚಿ ಟಿವಿಯ ಹಿಂದೆ ನುಗ್ಗಿದರು. ಧೂಳಿಗೆ ಸೀನು ಬಂತು. ಪ್ರತಿ ವೈರಿಗೂ ಅವರು ಮೊದಲೇ ದಾರದ ಗಂಟು ಹಾಕಿಟ್ಟಿದ್ದರು, ಅಜ್ಜಿಗೆ ಒಂದು, ಕರಿಯನಿಗೆ ಎರಡು, ಗುಂಡನಿಗೆ ಮೂರು. ಬಲದ ವೈರಿಗೆ ತುದಿಯಲ್ಲಿ ಇನ್ನೊಂದು ಗಂಟು. ಕರಿಯನ ಎಡದ ವೈರು ಹಿಡಿದು ಬೆರಳು ಜಾರಿಸುತ್ತ ಹೋದರು. ಬಲದ್ದನ್ನೂ ಹಿಡಿದು ಹೋದರು. ಎರಡೂ ಒಂದು ಕವಲಿನಲ್ಲಿ ಸೇರಿ ಒಂದೇ ವೈರಾಗಿ ಪೆಟ್ಟಿಗೆಗೆ ಹೋಗಿದ್ದವು. ಗುಂಡನದೂ ಹಾಗೆಯೇ. ಪೆಟ್ಟಿಗೆಯಾಚೆ ಆ ಒಂದೇ ವೈರು ಇನ್ನೊಂದು ಕವಲಿನಿಂದ ಎರಡಾಗಿ ಟಿವಿಯ ಎರಡು ತೂತಿಗೂ ಹೋಗಿತ್ತು. ಎಡ ಬಲವನ್ನು ಮೊದಲು ಕಲಸಿ, ಆಮೇಲೆ ಕಲಸಿದ್ದನ್ನೇ ಎರಡು ಪಾಲು ಮಾಡಿ ಬಡಿಸಿದ್ದರು!

"ಏನದು, ಟಿವಿ ಒಳಗೇ ಸಂಸಾರ ಹೂಡ್ತೀಯೇನೋ?" ಡ್ಯೂಟಿ ಮುಗಿಸಿ ಬಂದ ಭಾವ ಕೇಳಿದರು.

"ಭಾವ, ಈ ಕವಲು ಯಾಕೆ ಹಾಕಿದಿರಿ?"

"ಪೆಟ್ಟಿಗೇಲಿ ಒಂದೊಂದು ಯಂತ್ರದ ಸದ್ದಿಗೆ ಒಂದೇ ತೂತು ಕಣೋ. ಒಂದು ವೈರು ಬಿಟ್ಟರೆ ನಿನಗೆ ಒಂದೇ ಕಡೆ ಕೇಳುತ್ತೆ. ಅದಕ್ಕೇ ಸೇರಿಸಿ ಎರಡು ಕಿವಿಗೂ ಸಮಸಮ ಬರೋ ಹಾಗೆ ಮಾಡಿದೆ."

ಮೇಷ್ಟ್ರಿಗೆ ಕೋಪ ನೆತ್ತಿಗೇರಿತು, ಹಿಂದೆಯೇ ನಗು ಬಂತು. ಸಮಸಮ ಮಾಡಿದ್ದೇ ಅನಾಹುತ ಅಂತ ವಿವರಿಸಿದಾಗ ಭಾವನ ದನಿ ಸಣ್ಣದಾಯಿತು. "ಛೆ. ಪೆಟ್ಟಿಗೆ ಕಿತ್ತು ಬಿಸಾಕ್ತೀನಿ" ಅಂದರು. ಅಷ್ಟರಲ್ಲಿ ಬಂದ ಅಕ್ಕ, "ಕರಿಯ ಒಂದನ್ನೇ ನೇರ ಚುಚ್ಚಿಕೊಳ್ಳಪ್ಪ, ಸಾಕು" ಅಂದಳು, ಪಾಪ ಅಂದ ದಿನದಿಂದ ಹಿಡಿದ ಮೆತ್ತನೆಯ ದನಿಯಲ್ಲೇ.

"ಸಾಕಾಗಲ್ಲ" ಅಂದರು ಮೇಷ್ಟ್ರು. "ಮೂರೂ ಇರಬೇಕು, ಪೆಟ್ಟಿಗೇನೂ ಇರಬೇಕು. ಇವತ್ತೇ ಆಗಬೇಕು. ಭಾವ, ಇಂಥದ್ದೇ ಇನ್ನೊಂದು ಪೆಟ್ಟಿಗೆ ತನ್ನಿ."

ಭಾವ ಸಮವಸ್ತ್ರ ಸಹ ಬಿಚ್ಚದೆ ಓಡಿದರು. ಎರಡನೇ ಪೆಟ್ಟಿಗೆ ಬಂದ ಮೇಲೆ ಮೇಷ್ಟ್ರು ಅದನ್ನು ಮೊದಲನೆಯದರ ಬೆನ್ನಿಗೆ ಅಂಟಿಸಿದರು. ಹಳೆಯದರಲ್ಲಿ ಚಿತ್ರ ಮತ್ತು ಎಡದ ಸದ್ದು, ಹೊಸದರಲ್ಲಿ ಬಲದ ಸದ್ದು ಮಾತ್ರ. ಕರಿಯನಿಗೆ ಎರಡರಲ್ಲೂ ಎರಡನೇ ಗುಂಡಿ, ಗುಂಡನಿಗೆ ಎರಡರಲ್ಲೂ ಮೂರನೆಯದು. ಒಂಟಿ ವೈರಿನ ಅಜ್ಜಿ ಮಾತ್ರ ಉಳಿದಳು. ಮೇಷ್ಟ್ರು ಟಿವಿಯ ಬಳಿಯಿದ್ದ ಭಾವನ ಕವಲನ್ನೇ ಕಿತ್ತು ಅಜ್ಜಿಗೆ ಹಾಕಿ ಎರಡು ಪೆಟ್ಟಿಗೆಗೂ ಹಂಚಿದರು. "ನೋಡಿ, ನಿಮ್ಮ ಕವಲು ದಂಡವಾಗಲಿಲ್ಲ" ಅಂದಾಗ ಭಾವನಿಗೆ ಹೋದ ಜೀವ ಬಂತು.

ಮೊದಲ ಸಲ ಒತ್ತಿದಾಗ ಆಟದ ಜೊತೆಗೆ ಗುಂಯ್ ಅನ್ನುವ ಸದ್ದೂ ಬಂತು. ಭಾವ ಎಲ್ಲವನ್ನೂ ಕಿತ್ತು ಮತ್ತೆ ಹಾಕೋಣ ಅಂದರು. ಮೇಷ್ಟ್ರು ಕೈ ತೋರಿಸಿ ಸುಮ್ಮನಿರಿಸಿ, ತಲೆ ವಾಲಿಸಿ ಕೇಳಿದರು. "ಬಲಗಡೆ ಮಾತ್ರ. ಟಿವಿಯ ಕೆಂಪು ತೂತು. ಪಿನ್ನು ಪೂರ್ತಿ ಕೂತಿಲ್ಲ." ಭಾವ ಒತ್ತಿದರು, ಗುಂಯ್ ನಿಂತಿತು. ಎಡಕ್ಕೂ ಬಲಕ್ಕೂ ಅಖಾಡ ಬಾಗಿಲು ತೆರೆದಂತೆ ಅಗಲವಾಯಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನು ಮಾಡಿ, "ಪ್ಯಾಕಿಂಗಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಪ್ಪ. ಸೋಮವಾರ ಆ ರಾಶಿ ಪೂರ್ತಿ ನನ್ನ ಕೋಣೆಗೆ ಕಳಿಸು" ಅಂದರು. ಆಮೇಲೆ ಚಾಪೆಯ ಮೇಲೆ ಮಧ್ಯೆ ಕೂತು, ಪಕ್ಕದ ಜಾಗ ತಟ್ಟಿ ಅಕ್ಕನನ್ನು ಕರೆದರು.

ಮೊದಲ ಆಟ ಅಕ್ಕ ನಿಧಾನವಾಗಿಯೇ ಆಡಿದಳು. ಎಡದಿಂದ ಹೆಜ್ಜೆ ಬಂತು, ಮೇಷ್ಟ್ರು ಬಗ್ಗಿ ಒದ್ದರು. ಅಕ್ಕ ಉರುಳಿದಳು. ಎರಡನೇ ಆಟಕ್ಕೆ ಅವಳು ಸೆರಗು ಸಿಕ್ಕಿಸಿಕೊಂಡು ಸರಿಯಾಗಿ ಕೂತದ್ದು ಮೇಷ್ಟ್ರಿಗೆ ಕೇಳಿಸಿತು. ಅದರಲ್ಲೂ ಸೋತಳು. ಮೂರನೆಯದರಲ್ಲಿ ತಲೆಯ ಮೇಲೆ ಹಾರಿ ಬಲಕ್ಕೆ ಬಿದ್ದಳು. ಕಾಲು ನೆಲಕ್ಕೆ ತಾಗುವ ಮೊದಲೇ ಮೇಷ್ಟ್ರ ಗುದ್ದು ಅಲ್ಲಿ ಕಾಯುತ್ತಿತ್ತು.

"ಮೋಸ!" ಅಂತ ಅಕ್ಕ ಕೂಗಿದ್ದು ಬೀದಿಗೂ ಕೇಳಿಸಿರಬೇಕು. "ಕಳ್ಳ ನನ್ಮಗನೇ, ವೈರಲ್ಲಿ ಏನೋ ಮಾಡ್ಕೊಂಡಿದ್ದೀಯ! ರೀ, ನೀವೂ ಇವನ ಜೊತೆ ಸೇರ್ಕೊಂಡ್ರಾ?" ಕಂಟ್ರೋಲರನ್ನು ಚಾಪೆಯ ಮೇಲೆ ಎಸೆದು ದಡದಡ ಅಡುಗೆಮನೆಗೆ ಹೋದಳು. ಮಧ್ಯಾಹ್ನ ಮೇಷ್ಟ್ರ ತಟ್ಟೆಯನ್ನು ಠಣ್ ಅಂತ ಎದುರಿಗೆ ಕುಕ್ಕಿದಳು, ಇನ್ನಷ್ಟು ಬೇಕಾ ಅಂತಲೂ ಕೇಳಲಿಲ್ಲ. ಮೇಷ್ಟ್ರು ಎರಡು ಸಲ ತಾವೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡರು.