ಸಮುದ್ರಕ್ಕೆ ಬೆನ್ನು ತೋರಿಸಿದ ಮಹಾದೇವಕ್ಕ

ಅಗಸ್ತ್ಯರು ಸಮುದ್ರವನ್ನು ಒಂದೇ ಗುಟುಕಿಗೆ ಕುಡಿದರು. ಹನುಮಂತ ಅದನ್ನು ಹಾರಿದ. ರಾಮ ಅದಕ್ಕೆ ಸೇತುವೆ ಕಟ್ಟಿಸಿದ. ದೇವಾಸುರರು ಸೇರಿ ಅದನ್ನು ಮೊಸರಿನ ಹಾಗೆ ಕಡೆದು ಬಿಟ್ಟರು. ಇವರೆಲ್ಲ ದೊಡ್ಡವರೇ, ಇಲ್ಲವೆನ್ನುವುದಿಲ್ಲ. ಆದರೆ ಅವರಲ್ಲಿ ಒಬ್ಬೊಬ್ಬರೂ ಆ ಕೆಲಸಕ್ಕೆ ಕೈಹಾಕುವ ಮೊದಲು ಒಮ್ಮೆಯಾದರೂ ಸಮುದ್ರದ ಕಡೆ ಮುಖ ಮಾಡಿ ನಿಂತವರು. ನೀರಿನ ಮೇಲೆಯೇ ವರ್ಷಗಟ್ಟಲೆ ನೌಕರಿ ಮಾಡಿ, ಆ ನೀರಿನ ಮುಖವನ್ನು ಒಂದು ಸಲವೂ ನೋಡದ ಮಹಿಮಾವಂತೆ ಮೂರು ಲೋಕದಲ್ಲಿ ಒಬ್ಬಳೇ. ಅವಳು ಡೊಂಬಿವಲಿಯ ಮಹಾದೇವಕ್ಕ.

ಮಹಾದೇವಕ್ಕ ‘ನೀಲಗಂಗಾ’ ಎಂಬ ಬಾಡಿಗೆ ಯಾಟ್‌ನ ಅಡುಗೆಯವಳು. ಯಾಟ್ ಎಂದರೆ, ದಡದಲ್ಲಿ ತಿನ್ನುವುದನ್ನೇ ನೀರಿನ ಮೇಲೆ ತಿಂದು ಫೋಟೋ ತೆಗೆಸಿಕೊಳ್ಳಲು ಮಾಡಿದ ಬಿಳಿ ದೋಣಿ. ಅದರ ಯಜಮಾನ ಕೈಲಾಸ ಶೆಟ್ಟರು ಗದಗಿನ ಕಡೆಯವರು, ಭಿವಂಡಿಯಲ್ಲಿ ಗೋದಾಮುಗಳನ್ನಿಟ್ಟವರು. ಯಾವುದೋ ಹರಾಜಿನಲ್ಲಿ ಪಕ್ಕದವನು ಕೈಯೆತ್ತಿದನೆಂದು ಇವರೂ ಕೈಯೆತ್ತಿ, ಕೈ ಇಳಿಸುವಷ್ಟರಲ್ಲಿ ದೋಣಿಯ ಒಡೆಯರಾಗಿದ್ದರು. ತಮ್ಮ ದೋಣಿಯನ್ನು ಅವರು ಹತ್ತಿದ್ದು ಒಂದೇ ಸಲ, ಅದೂ ನೀರಿನ ಹೆದರಿಕೆಗೆ ಕಣ್ಣು ಮುಚ್ಚಿಕೊಂಡು. ಆದರೆ ವ್ಯಾಪಾರಿಯ ತಲೆ ಕಣ್ಣು ಮುಚ್ಚಿದರೂ ಓಡುತ್ತದೆ. ಊರೊಳಗೆ ಚಾಚಿದ ಸಮುದ್ರದ ತೋಳಾದ ಈ ಖಾಡಿಯ ಮೇಲೆ ಪಿಜ್ಜಾ ಕೊಡುವವರು ಬೇಕಾದಷ್ಟಿದ್ದಾರೆ, ಬಿಸಿ ಜೋಳದ ರೊಟ್ಟಿ ಬಡಿದು ಕೊಡುವವರು ಎಲ್ಲಿದ್ದಾರೆ? ಡೊಂಬಿವಲಿಯ ಅರ್ಧ ಕನ್ನಡ ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ಮಹಾದೇವಕ್ಕ ಹೀಗೆ ಬೇಲಾಪುರದ ದೋಣಿಕಟ್ಟೆಗೆ, ಅಂದರೆ ಜೆಟ್ಟಿಗೆ, ಬಂದಳು.

ಬಂದ ಮೊದಲ ದಿನವೇ ಅವಳಿಗೆ ಆ ಜಾಗ ಮನಸ್ಸಿಗೆ ಬಂತು. ಯಾಟ್ ಹತ್ತುವವರು ಯಾರೇ ಇರಲಿ, ಮರದ ಹಾಸು ಹಾಳಾಗಬಾರದೆಂದು ಜೋಡು ಬಿಚ್ಚಿ ಬುಟ್ಟಿಯಲ್ಲಿ ಹಾಕಿ ಬರಿಗಾಲಲ್ಲಿ ಹತ್ತಬೇಕು. ಸೂಟುಬೂಟಿನವರು ಬೂಟು ಬಿಟ್ಟು ಬರೀ ಸೂಟಿನಲ್ಲಿ ನಿಂತದ್ದನ್ನು ನೋಡಿ ಮಹಾದೇವಕ್ಕ, “ಮಡಿ ಜಾಗಾ ಐತಿ ಬಿಡು” ಎಂದಳು. ಬಲಗಾಲಿಟ್ಟು ಹತ್ತಿದಳು. ನೆಟ್ಟಗೆ ಅಡುಗೆಮನೆಗೆ ಹೋದಳು. ದೋಣಿಯ ಮೂತಿಗೆ ಬೆನ್ನು ಹಾಕಿ ನಿಂತು ರೊಟ್ಟಿ ಬಡಿಯತೊಡಗಿದಳು. ಅಂದಿನಿಂದ ಹಾಗೇ ನಿಂತಿದ್ದಾಳೆ. ಮೇಲೆ ಜನ ಸೂರ್ಯಾಸ್ತ ನೋಡಿ ನಿಟ್ಟುಸಿರು ಬಿಟ್ಟರು, ಅವಳು ತಿರುಗಲಿಲ್ಲ. ಗುಲಾಬಿ ಫ್ಲೆಮಿಂಗೊಗಳ ಹಿಂಡು ಕಂಡು ಮಕ್ಕಳು ಕಿರುಚಿದರು, ಅವಳು ತಿರುಗಲಿಲ್ಲ. ಒಬ್ಬ ವರ ಉಂಗುರ ತೊಡಿಸುವ ಭರದಲ್ಲಿ ತಾನೇ ನೀರಿಗೆ ಬಿದ್ದ. ಆಗಲೂ ಅವಳು, “ಅವಂಗ ಒಣಾ ಚಟ್ನಿ ಹಾಕ್ರಿ, ಥಂಡಿ ಆಗಿರ್ತೈತಿ” ಎಂದಳೇ ಹೊರತು ತಿರುಗಲಿಲ್ಲ.

ಈ ಬೆನ್ನನ್ನು ಪುರಾಣ ಮಾಡಿದವನು ಕ್ಯಾಪ್ಟನ್ ದೇಜಪ್ಪ.

ದೇಜಪ್ಪ ಉಚ್ಚಿಲದ ಕಡಲಕರೆಯವನು. ದೋಣಿ ಹತ್ತುವ ಮೊದಲು ಕಡಲಿಗೆ ಕೈಮುಗಿಯದಿದ್ದರೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. ಅಂಥವನಿಗೆ ಕಡಲಿಗೇ ಬೆನ್ನು ಹಾಕಿ ನಿಂತ ಹೆಂಗಸನ್ನು ಕಂಡು ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ, ಕೊನೆಗೆ ಭಕ್ತಿ. ಒಂದು ದಿನ ಮಹಾದೇವಕ್ಕ, “ಇವತ್ತ ಬ್ಯಾಡೋ ತಮ್ಮಾ, ಯಾಕೋ ಸರಿ ಅನಸೂದಿಲ್ಲ” ಎಂದಿದ್ದಳು. ಮಧ್ಯಾಹ್ನ ದೊಡ್ಡ ಗಾಳಿ ಬಂದು ಪಕ್ಕದ ಬೋಟಿನ ಚಪ್ಪರ ಹಾರಿ ಹೋಯಿತು. ಆ ಬೆಳಿಗ್ಗೆ ಹಿಟ್ಟಿನ ಡಬ್ಬಿಯಲ್ಲಿ ಹುಳ ಬಿದ್ದಿತ್ತೆಂಬ ಸಂಗತಿಯನ್ನು ಇತಿಹಾಸ ದಾಖಲಿಸಿಕೊಳ್ಳಲಿಲ್ಲ. ದೇಜಪ್ಪ ದಾಖಲಿಸಿಕೊಂಡದ್ದು ಇಷ್ಟೇ: ಅಕ್ಕ ಕಡಲನ್ನು ಕಣ್ಣಿನಿಂದ ನೋಡುವುದಿಲ್ಲ, ಬೆನ್ನಿನಿಂದ ನೋಡುತ್ತಾಳೆ.

“ಯಾಕೆ ಹೀಗೆ ಅಂತ ಅವರನ್ನೇ ಒಮ್ಮೆ ಕೇಳಬಹುದಲ್ಲ?” ಎಂದು ಗಿರಾಕಿಗಳು ಅನ್ನುತ್ತಿದ್ದರು.

“ಕೇಳ್ಲಿಕ್ಕೆ ಉಂಟಾ ಮಾರಾಯ್ರೆ!” ದೇಜಪ್ಪ ದನಿ ತಗ್ಗಿಸುತ್ತಿದ್ದ. “ಕೇಳಿದ್ರೆ ಕಾರಣಿಕ ಹೋಗ್ತದೆ, ಆ ದೈವಶಕ್ತಿ ಮತ್ತೆ ಬರುದಿಲ್ಲ.”

ಹೀಗಾಗಿ ಯಾರೂ ಕೇಳಲಿಲ್ಲ. ಕಥೆ ಮಾತ್ರ ಬೇಲಾಪುರದಿಂದ ನೆರೂಳಕ್ಕೆ, ನೆರೂಳದಿಂದ ವಾಶಿಗೆ ಲೋಕಲ್ ಟ್ರೇನಿಗಿಂತ ವೇಗವಾಗಿ ಓಡಿತು. ಅವಳು ಸಮುದ್ರರಾಜನ ಮೇಲೆ ಮುನಿಸಿಕೊಂಡಿದ್ದಾಳೆ ಎಂದರು. ಹರಕೆ ಇದೆ ಎಂದರು. ಅವಳು ತಿರುಗಿ ನೋಡಿದ ದಿನ ಖಾಡಿ ಬತ್ತುತ್ತದೆ ಎಂದೂ ಒಬ್ಬ ರಿಕ್ಷಾದವನು ಹೇಳಿದ.

ಆ ವರ್ಷ ಸಂಕ್ರಾಂತಿ ಕಳೆದ ವಾರ ‘ನೀಲಗಂಗಾ’ದ ಪರವಾನಗಿ ಮುಗಿಯುವುದರಲ್ಲಿತ್ತು. ಜನರನ್ನು ಬಾಡಿಗೆಗೆ ಒಯ್ಯುವ ದೋಣಿಯೆಂದರೆ ಹುಡುಗಾಟವಲ್ಲ. ಸರ್ವೇಯರು ಬಂದು ಬೆಂಕಿ ಆರಿಸುವ ಡಬ್ಬಿಯಿಂದ ಹಿಡಿದು ಲೈಫ್ ಜಾಕೆಟ್ಟಿನ ಪೀಪಿಯವರೆಗೆ ಎಲ್ಲವನ್ನೂ ಊದಿ, ಎಳೆದು, ಕುಟ್ಟಿ ನೋಡಬೇಕು. ಕೈಲಾಸ ಶೆಟ್ಟರು ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು: “ಈ ಸಲ ಪಾಸ್ ಆಗಲಿಲ್ಲಂದ್ರ ಬೋಟು ಮಾರಿಬಿಡ್ತೀನಿ ನೋಡಪಾ. ನನಗ ಗೋದಾಮ ಸಾಕು. ಅದು ತೇಲೂದಿಲ್ಲ, ಮುಳುಗೂದೂ ಇಲ್ಲ.”

ಬೋಟು ಹೋದರೆ ದೇಜಪ್ಪನ ‘ಕ್ಯಾಪ್ಟನ್’ ಪದವಿಯೂ ಹೋಯಿತು. ಮುಂದೆ ಉಳಿಯುವುದು ಐರೋಲಿಯಲ್ಲಿ ಭಾವ ಲೋಕನಾಥನ ಹೋಟೆಲಿನ ಗಲ್ಲಾ. ಅಲ್ಲಿಂದ ತಪ್ಪಿಸಿಕೊಳ್ಳಲೆಂದೇ ಅವನು ಕಷ್ಟಪಟ್ಟು ಪರೀಕ್ಷೆ ಬರೆದು ಬಿಳಿ ಟೊಪ್ಪಿ ಸಂಪಾದಿಸಿದ್ದ. ಆದರೆ ಲೋಕನಾಥ ಸಿಕ್ಕ ಸಿಕ್ಕ ಮದುವೆಗಳಲ್ಲೆಲ್ಲ ನಾಲ್ಕು ಜನರ ಮುಂದೆ, “ದೇಜು, ನಿನ್ನ ಸ್ಟೂಲ್ ಅಲ್ಲೇ ಉಂಟು ಆಯ್ತಾ. ಯಾರಿಗೂ ಕೂರ್ಲಿಕ್ಕೆ ಬಿಡ್ಲಿಲ್ಲ” ಎನ್ನುತ್ತಿದ್ದ. ಆ ಸ್ಟೂಲು ದೇಜಪ್ಪನ ಕನಸಿನಲ್ಲಿ ಮೂರು ಕಾಲಿನಲ್ಲಿ ನಡೆದು ಬರುತ್ತಿತ್ತು.

ದೋಣಿಯಲ್ಲಿ ಎಲ್ಲವೂ ಸರಿಯಿತ್ತು. ಒಂದು ಷರತ್ತು ಮಾತ್ರ ಗಂಟಲಲ್ಲಿ ಸಿಕ್ಕಿತು: ಕ್ಯಾಪ್ಟನ್ ಅಲ್ಲದೆ ಇನ್ನೊಬ್ಬ ಸಿಬ್ಬಂದಿಗೆ ಮುಂದೇನಿದೆ ಎಂದು ನೀರಿನ ಮೇಲೆ ನಿಗಾ ಇಡಲು ಬರಬೇಕು. ಆ ಕೆಲಸದ ಸೂರಜ್ ಮನೆದೈವದ ಕೋಲಕ್ಕೆಂದು ಊರಿಗೆ ಹೋದವನು ಅಲ್ಲೇ ಮೀನಿನ ಬೋಟಿಗೆ ಸೇರಿಕೊಂಡಿದ್ದ. ದೋಣಿಯಲ್ಲಿ ಉಳಿದ ಸಿಬ್ಬಂದಿಯೆಂದರೆ ಸಮುದ್ರವನ್ನೇ ನೋಡದ ಮಹಾದೇವಕ್ಕ.

ತಿರುಗಿ ನಿಲ್ಲಿ ಎಂದು ಅಕ್ಕನಿಗೆ ಹೇಳುವುದೇ? ಖಾಡಿ ಬತ್ತಿದರೆ ಯಾರು ಹೊಣೆ? ದೇಜಪ್ಪ ಬಹಳ ಯೋಚಿಸಿ ನೆರೂಳ ಸ್ಟೇಷನ್ನಿನ ಹೊರಗೆ ರಿಕ್ಷಾದ ಸಾಮಾನು ಮಾರುವ ಅಂಗಡಿಗೆ ಹೋದ. ಅಲ್ಲಿಂದ ಒಂದು ಕನ್ನಡಿ ತಂದು ಒಲೆಯ ಮೇಲೆ, ಅಕ್ಕನ ಹಣೆಯ ಎತ್ತರಕ್ಕೆ ಬಿಗಿದ. ಬಾಗಿಲ ಮೂಲಕ ಮುಂದಿನ ನೀರೆಲ್ಲ ಅದರಲ್ಲಿ ಕಾಣುತ್ತಿತ್ತು.

“ಛಲೋ ಆತು ಬಿಡೋ ತಮ್ಮಾ,” ಎಂದಳು ಮಹಾದೇವಕ್ಕ. “ಕುಂಕುಮ ಸೊಟ್ಟ ಆಗಿದ್ದು ಗೊತ್ತಾಗ್ತಿರಲಿಲ್ಲ.”

“ಅಕ್ಕ, ಇದರಲ್ಲಿ ಎಂಥಾದ್ರೂ ಕಂಡ್ರೆ ಒಮ್ಮೆ ಕೂಗಿ ಹೇಳಿ. ಅಷ್ಟೇ.”

“ಏನ ಕಂಡ್ರೂ?”

“ಏನು ಕಂಡ್ರೂ.”

“ನನ್ನ ಮೂಗ ಕಾಣಾಕತ್ತೈತಿ.”

“ಅದು ಬೇಡ.”

ಸರ್ವೇಯರ್ ಸುಮೇಧಾ ಮರುದಿನ ಬೆಳಿಗ್ಗೆಯೇ ಬಂದಳು. ಠಾಣೆ ಊರಿನ ಹುಡುಗಿ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಬೂಟು ಬುಟ್ಟಿಗೆ ಹಾಕಿ, ಬರಿಗಾಲಲ್ಲಿ ದೋಣಿಯನ್ನೆಲ್ಲ ಸುತ್ತಿ, ಎಲ್ಲ ಪೀಪಿಗಳನ್ನೂ ಊದಿ ಜೆಟ್ಟಿಯ ನಾಯಿಗಳನ್ನೆಲ್ಲ ಎಬ್ಬಿಸಿದಳು. ಮಹಾದೇವಕ್ಕ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುಂದಿಟ್ಟಾಗ ಅದರ ವಾಸನೆಗೆ ಒಂದು ಕ್ಷಣ ಕಣ್ಣು ಮುಚ್ಚಿದಳಾದರೂ, “ಬ್ಯಾಡ ಮಾವಶಿ. ಸರ್ವೆ ಮುಗಿಯೂ ತನಕ ಬೋಟಿನ ನೀರೂ ಕುಡಿಯಂಗಿಲ್ಲ ನಾ” ಎಂದಳು. ಆಮೇಲೆ ಅವಳ ಕಣ್ಣು ಕನ್ನಡಿಯ ಮೇಲೆ ಬಿತ್ತು.

“ಕ್ಯಾಪ್ಟನ್, ಏನ್ರಿ ಇದು?”

“ನಿಗಾ ಇಡುವ ವ್ಯವಸ್ಥೆ ಮೇಡಂ.”

“ರಿಕ್ಷಾದ ಕನ್ನಡಿ?”

ದೇಜಪ್ಪ ಟೊಪ್ಪಿ ಸರಿಮಾಡಿಕೊಂಡ. ಸಮುದ್ರಯಾನದ ಐದನೆಯ ನಿಯಮ ಅವನಿಗೆ ವಿಷ್ಣುಸಹಸ್ರನಾಮದ ಹಾಗೆ ಬಾಯಿಪಾಠ. “ಕಣ್ಣಿನಿಂದ, ಕಿವಿಯಿಂದ, ಮತ್ತು ಆ ಹೊತ್ತಿಗೆ ಸಿಕ್ಕಿದ ಎಲ್ಲ ಸಾಧನಗಳಿಂದ ನಿಗಾ ಇಡಬೇಕು ಅಂತ ಉಂಟು ಮೇಡಂ. ಇದು ಸಿಕ್ಕಿದ ಸಾಧನ.”

ಸುಮೇಧಾ ನಗು ತಡೆಯಲು ತುಟಿ ಕಚ್ಚಿದಳು. “ಬರೋಬರಿ. ನಡೀರಿ, ಹೊರಗ ಹೋಗಿ ನೋಡೇಬಿಡೂಣು.”

‘ನೀಲಗಂಗಾ’ ಜೆಟ್ಟಿ ಬಿಟ್ಟಿತು. ನೀರು ಇಳಿಯುವ ಹೊತ್ತು. ಖಾಡಿ ಕನ್ನಡಿಯ ಹಾಗೆ ನಿಶ್ಚಲವಾಗಿತ್ತು, ಕನ್ನಡಿಯೊಳಗೆ ಖಾಡಿ ಅಲ್ಲಾಡುತ್ತಿತ್ತು. ಅಡುಗೆಮನೆಯಿಂದ ಟಪ್ ಟಪ್ ಎಂದು ರೊಟ್ಟಿಯ ಸದ್ದು. ದೇಜಪ್ಪನ ಎದೆಯೂ ಅದೇ ತಾಳದಲ್ಲಿ ಬಡಿಯುತ್ತಿತ್ತು. ಇದ್ದಕ್ಕಿದ್ದಂತೆ ರೊಟ್ಟಿಯ ಸದ್ದು ನಿಂತಿತು.

“ಏ ತಮ್ಮಾ! ಎಡಕ್ಕ ಹಕ್ಕಿ ನಿಂತಾವ ನೋಡೋ!”

ದೇಜಪ್ಪ ನೋಡಿದ. ಎಡಕ್ಕೆ ಬರೀ ನೀರು. ಬಲಕ್ಕೆ ಫ್ಲೆಮಿಂಗೊಗಳು ಗುಂಪಾಗಿ ನಿಂತಿದ್ದವು. ಹಕ್ಕಿ ನಿಲ್ಲುವಷ್ಟೇ ನೀರಿದ್ದಲ್ಲಿ ದೋಣಿ ತೇಲದು ಎನ್ನುವುದು ಉಚ್ಚಿಲದ ಕೈಗೂಸಿಗೂ ಗೊತ್ತು. ಆದರೆ ಅಕ್ಕ ಎಡಕ್ಕೆ ಎಂದಿದ್ದಾಳೆ. ಸಾಮಾನ್ಯರ ಕಣ್ಣಿಗೆ ಕಾಣುವ ಬಲಗಡೆಯ ಹಕ್ಕಿಗಳು ಮಾಯೆಯ ಹಕ್ಕಿಗಳೇ ಇರಬೇಕು. ನಿಜವಾದ ಅಪಾಯ ಬೆನ್ನಿಗೆ ಮಾತ್ರ ಕಾಣುವಂಥದ್ದು, ಎಡಗಡೆ ಅಡಗಿ ಕೂತಿದೆ!

“ಕ್ಯಾಪ್ಟನ್, ಬಲಕ್ಕ ಹೊಂಟ್ರಲ್ರಿ!” ಎಂದು ಸುಮೇಧಾ ಕೂಗುವಷ್ಟರಲ್ಲಿ ದೇಜಪ್ಪ ಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿದ್ದ. ‘ನೀಲಗಂಗಾ’ ಒಮ್ಮೆ ನಿಟ್ಟುಸಿರು ಬಿಟ್ಟು, ಕೆಸರಿಗಿಳಿದ ಎಮ್ಮೆಯ ಹಾಗೆ ಹಾಯಾಗಿ ಕೂತುಬಿಟ್ಟಿತು. ಫ್ಲೆಮಿಂಗೊಗಳು ಸ್ವಲ್ಪ ಸರಿದು ಅದಕ್ಕೆ ಜಾಗ ಮಾಡಿಕೊಟ್ಟವು.

ಅದೇ ಹೊತ್ತಿಗೆ ಕೈಲಾಸ ಶೆಟ್ಟರ ಫೋನು ಬಂತು.

“ಎಲ್ಲೆ ಐತಪಾ ಬೋಟು?”

“ಭೂಮಿಯ ಮೇಲೆ ಉಂಟು, ಧಣಿ.”

“ಅರಾಮ ಆತು ಬಿಡು,” ಎಂದು ಸಮುದ್ರಕ್ಕೆ ಹೆದರುವ ಶೆಟ್ಟರು ಫೋನಿಟ್ಟರು.

ಸುಮೇಧಾ ಬಗ್ಗಿ ದೋಣಿಯ ಹೊಟ್ಟೆ ನೋಡಿದಳು. ಮೆತ್ತನೆಯ ಕೆಸರು, ಗೀರೂ ಬಿದ್ದಿರಲಿಲ್ಲ. ಆಮೇಲೆ ದೇಜಪ್ಪನ ಕಡೆ ತಿರುಗಿದಳು. “ಮಾವಶಿ ಹಿಂದಕ್ಕ ಮುಖ ಮಾಡಿ ನಿಂತಾರ. ಅವರ ಎಡ ಅಂದ್ರ ನಿಮ್ಮ ಬಲ ಅಲ್ಲೇನ್ರಿ? ಈ ಗೋಂಧಳ ಆಗಬಾರದಂತನ ಬೋಟಿನ ಎಡಮಗ್ಗಲಿಗೆ ಪೋರ್ಟ್, ಬಲಮಗ್ಗಲಿಗೆ ಸ್ಟಾರ್‌ಬೋರ್ಡ್ ಅಂತ ಹೆಸರಿಟ್ಟಾರ. ಯಾರು ಯಾವ ಕಡೆ ನಿಂತ್ರೂ ಅವು ಬದಲಾಗೂದಿಲ್ಲ. ನೀವು ಕಲಿಸಿಲ್ಲೇನು?”

“ಅಕ್ಕನಿಗೆ ನಾನು ಕಲಿಸುದಾ ಮೇಡಂ?” ಎಂದ ದೇಜಪ್ಪ. ಕಣ್ಣ ಮುಂದೆ ಮೂರು ಕಾಲಿನ ಸ್ಟೂಲು ಕೆಸರಿನಲ್ಲಿ ಪಚಕ್ ಪಚಕ್ ಎನ್ನುತ್ತ ನಡೆದು ಬರುತ್ತಿತ್ತು.

“ಕನ್ನಡಿ ತಗೀರಿ. ಮಾವಶಿ, ನೀವು ಜರಾ ಮ್ಯಾಲ ಬಂದು, ಮುಂದ ನೋಡಿ ಏನೇನ ಕಾಣತೈತಿ ಹೇಳ್ರಿ.”

“ಬೇಡ ಮೇಡಂ! ಅವರು ನೋಡಿದ್ರೆ...” ಎಂದ ದೇಜಪ್ಪ ಮುಂದೆ ಹೇಳಲಾಗದೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಖಾಡಿ ಈಗಾಗಲೇ ಅರ್ಧ ಬತ್ತಿತ್ತು. ಉಳಿದರ್ಧದ ಬಗ್ಗೆ ಅವನಿಗೆ ಆಸೆ ಉಳಿದಿರಲಿಲ್ಲ.

ಮಹಾದೇವಕ್ಕ ಒಲೆ ಆರಿಸಿದಳು. ಸೆರಗಿಗೆ ಕೈಯೊರೆಸಿಕೊಂಡಳು. ಮೇಲೆ ಹತ್ತಿ ಬಂದಳು. ತನ್ನ ನೌಕರಿಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಸಮುದ್ರದ ಕಡೆ ಮುಖ ಮಾಡಿ ನಿಂತಳು. ದೇಜಪ್ಪ ಬೆರಳ ಸಂದಿಯಿಂದ ಇಣುಕಿದ. ಆಕಾಶ ಬೀಳಲಿಲ್ಲ. ದೂರದ ಸೇತುವೆಯ ಮೇಲೆ ಪನವೇಲ ಲೋಕಲ್ ಎಂದಿನಂತೆ ತಡವಾಗಿ ಹೋಯಿತು.

“ಹಕ್ಕಿ ಅದಾವ. ಅಲ್ಲಿ ಬಡಿಗಿ ನೆಟ್ಟಾರ, ಮೀನಿನ ಬಲಿ ಕಟ್ಟಾಕ ಇರಬೇಕು. ಅಲ್ಲೊಂದು ಟಾಯರ್ ತೇಲಾಕತ್ತೈತಿ. ಆ ಕಡೆಯಿಂದ ಒಂದು ಸಣ್ಣ ದೋಣಿ ಬರಾಕತ್ತೈತಿ, ಒಳಗ ಇಬ್ಬರದಾರ. ಅಲ್ಲಿ ದಂಡಿಗೆ ಒಬ್ಬ ಗಂಡಸು ತಂಬಿಗಿ ಹಿಡಕೊಂಡು ಕುಂತಾನ, ಆ ಕಡೆ ನಾ ನೋಡಂಗಿಲ್ಲ.”

“ನೋಡಿದಿರಲ್ಲ ಮಾವಶಿ, ಸಾಕು!” ಸುಮೇಧಾಗೆ ಈ ಸಲ ನಗು ತಡೆಯಲಾಗಲಿಲ್ಲ. ಅಲ್ಲೇ ನಿಂತು ಮಹಾದೇವಕ್ಕನಿಗೆ ಪೋರ್ಟ್ ಯಾವುದು, ಸ್ಟಾರ್‌ಬೋರ್ಡ್ ಯಾವುದು ಎಂದು ತೋರಿಸಿಕೊಟ್ಟಳು. ಮಹಾದೇವಕ್ಕ, “ಅಂದ್ರ ಡಬ್ಬಿ ಇಡೂ ಮಗ್ಗಲು ಪೋರ್ಟ, ಸಿಲಿಂಡರ್ ಮಗ್ಗಲು ಸ್ಟಾರ. ಆತ ಬಿಡು” ಎಂದಳು. ಎಷ್ಟು ಸಲ ತಿರುಗಿಸಿ ಮುರುಗಿಸಿ ಕೇಳಿದರೂ ತಪ್ಪಲಿಲ್ಲ.

ಸುಮೇಧಾ ತೀರ್ಪು ಬರೆದಳು. ದೋಣಿ ಪಾಸು. ಅಡುಗೆಯ ಮಹಾದೇವಕ್ಕ ನಿಗಾ ಇಡಲು ಯೋಗ್ಯಳು. ಕ್ಯಾಪ್ಟನ್ ಮಾತ್ರ ನೆರೂಳದಲ್ಲಿ ಒಂದು ವಾರದ ಪಾಠಕ್ಕೆ ಕೂತು ಬರಬೇಕು, ಅಲ್ಲಿಯವರೆಗೆ ‘ನೀಲಗಂಗಾ’ ಜೆಟ್ಟಿ ಬಿಡುವಂತಿಲ್ಲ.

“ಪಾಠ ಅಂದ್ರೆ, ಅಲ್ಲಿ ಬೆಂಚ್ ಇರ್ತದಲ್ಲ ಮೇಡಂ? ಸ್ಟೂಲ್ ಅಲ್ಲವಲ್ಲ?” ಎಂದು ದೇಜಪ್ಪ ಕೇಳಿದ.

“ಬೆಂಚ್ ಇರ್ತೈತ್ರಿ. ಯಾಕ?”

“ಏನಿಲ್ಲ. ಬೆಂಚಾದ್ರೆ ಅಡ್ಡಿಲ್ಲ,” ಎಂದು ಕ್ಯಾಪ್ಟನ್ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡು, ಮತ್ತೆ ಭದ್ರವಾಗಿ ಹಾಕಿಕೊಂಡ.

ನೀರು ಏರುವ ತನಕ ಮಾಡಲು ಬೇರೆ ಕೆಲಸವಿರಲಿಲ್ಲ. ಸರ್ವೆ ಮುಗಿದಿತ್ತಾದ್ದರಿಂದ ಸುಮೇಧಾ ಕಾಲು ಚಾಚಿ ಕೂತು ಸಜ್ಜೆ ರೊಟ್ಟಿಗೆ ಬೆಣ್ಣೆ ಸವರಿಕೊಂಡಳು. ದೇಜಪ್ಪನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಸ್ಟೂಲು ತಪ್ಪಿತ್ತು ನಿಜ. ಆದರೆ ಅವನು ಇಷ್ಟು ವರ್ಷ ಕಟ್ಟಿ ಬೆಳೆಸಿದ ಪುರಾಣ ಎದುರಿಗೇ ಕೂತು ಬೆಳ್ಳುಳ್ಳಿ ಜಜ್ಜುತ್ತಿತ್ತು. ಕೊನೆಗೆ ತಡೆಯಲಾಗದೆ, ಕಾರಣಿಕ ಹೋದರೆ ಹೋಗಲಿ ಎಂದು, ಯಾರೂ ಕೇಳದ ಪ್ರಶ್ನೆಯನ್ನು ಅವನು ಕೇಳಿಯೇಬಿಟ್ಟ.

“ಅಕ್ಕ, ನೋಡ್ಲಿಕ್ಕೆ ನಿಮಗೆ ಹರಕೆ ಎಂಥದ್ದೂ ಅಡ್ಡ ಇರ್ಲಿಲ್ಲ. ಮತ್ತೆ ಇಷ್ಟು ವರ್ಷ ಒಂದು ಸಲ ಕೂಡ ಯಾಕೆ ಕಡಲು ನೋಡ್ಲಿಲ್ಲ ನೀವು?”

ಮಹಾದೇವಕ್ಕ ಬೆಳ್ಳುಳ್ಳಿ ಜಜ್ಜುವ ಕಲ್ಲಿನಿಂದಲೇ ಅಡುಗೆಮನೆಯ ಕಡೆ ತೋರಿಸಿದಳು.

“ಒಲಿ ಆ ಕಡೆ ಐತಲ್ಲೋ ತಮ್ಮಾ. ಈ ಕಡೆ ನೋಡ್ಕೋತ ನಿಂತ್ರ ರೊಟ್ಟಿ ಹೊತ್ತೂದಿಲ್ಲೇನು?”